ಅಕ್ಕಿ ಕೋಣೆಯ ಕಪಾಟು

ಬೀಗ ಹಾಕಿದ ಕಪಾಟಿನೊಳಗಿನ ಪುಸ್ತಕವನ್ನು ಯಾವ ಮಗುವೂ ಓದಲಾರದು. ಇದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ, "ಈಗಿನ ಮಕ್ಕಳು ಮೊಬೈಲು ಬಿಟ್ಟು ಬೇರೆ ಮುಟ್ಟುವುದಿಲ್ಲ" ಎಂದು ಮದುವೆಯೂಟದ ಪಂಕ್ತಿಯಲ್ಲಿ ಕುಳಿತು ಹಲುಬುತ್ತೀರಿ.

ವೇಣೂರಿನಿಂದ ಒಳದಾರಿಯಲ್ಲಿ ಸಿಗುವ ಒಂದು ಸಣ್ಣ ಶಾಲೆಯಲ್ಲಿ ಅಂಥದೊಂದು ಕಪಾಟು ಇದ್ದದ್ದು ಬಿಸಿಯೂಟದ ಅಕ್ಕಿ ಮೂಟೆಗಳ ಕೋಣೆಯಲ್ಲಿ. ಬೇರೆ ಜಾಗ ಇರಲಿಲ್ಲ. ಕೋಣೆಯ ಕೀಲಿಕೈ ಅಡುಗೆಯ ಕಾವೇರಮ್ಮನ ಸೊಂಟದಲ್ಲಿ. ಕಪಾಟಿನದ್ದೂ ಅದೇ ಗೊಂಚಲಿನಲ್ಲಿ. ಹೆಡ್ ಮಾಷ್ಟ್ರು ತಿರುಮಲೇಶ್ವರರ ಅಪ್ಪಣೆ ಒಂದೇ: "ತಿಂಗಳಿಗೊಮ್ಮೆ ನುಸಿಗುಳಿಗೆ ಹಾಕಿ ಮುಚ್ಚಿಬಿಡಿ. ಒಂದು ಹಾಳೆ ಹರಿದರೂ ಉತ್ತರ ಕೊಡಬೇಕಾದವ ನಾನು." ಅವರು ಕೆಟ್ಟವರಲ್ಲ, ಹೆದರಿದವರು.

ಕಾವೇರಮ್ಮ ಹೆದರಿಕೆಯನ್ನು ಮೂರನೇ ಕ್ಲಾಸಿನಲ್ಲೇ ಕಲಿತವಳು. ಯಾರದೋ ಪುಸ್ತಕದ ಮೂಲೆ ಹರಿದದ್ದಕ್ಕೆ ಬೆತ್ತದ ಪೆಟ್ಟು ತಿಂದು, ಮರುದಿನದಿಂದ ಶಾಲೆಯ ಕಡೆ ತಲೆ ಹಾಕದೆ, ನಲವತ್ತೈದು ವರ್ಷದ ಮೇಲೆ ಸೌಟು ಹಿಡಿದು ಅದೇ ಅಂಗಳಕ್ಕೆ ಬಂದವಳು. ನಾಳೆಯಿಂದ ಬರಬೇಡ ಎಂದರೆ ಮುಗಿಯಿತು, ಅಂಥ ಕೆಲಸ. ಗಂಡ ತೀರಿಹೋದ ಮೇಲೆ ಮನೆಯ ಒಲೆ ಉರಿಯುವುದು ಶಾಲೆಯ ಒಲೆಯಿಂದಲೇ.

ನಾಲ್ಕನೇ ಕ್ಲಾಸಿನ ಫಿದಾಳಿಗೆ ಮನೆಯಲ್ಲಿ ಬ್ಯಾರಿ ಮಾತು, ದಾರಿಯಲ್ಲಿ ತುಳು. ಕನ್ನಡ ಓದಲು ಎದ್ದು ನಿಂತರೆ ಕ್ಲಾಸು ನಗುತ್ತದೆಂದು ಬಾಯಿಯೇ ತೆರೆಯದ ಹುಡುಗಿ. ಒಂದು ದಿನ ನುಸಿಗುಳಿಗೆ ಹಾಕುವಾಗ ಅವಳು ಬಾಗಿಲಲ್ಲಿ ನಿಂತು ಕಪಾಟನ್ನೇ ನೋಡುತ್ತಿದ್ದಳು. ಕಾವೇರಮ್ಮ ನೀರುನಾಯಿಯ ಚಿತ್ರವಿದ್ದ ಪುಸ್ತಕವೊಂದನ್ನು ಎಳೆದು ಕೊಟ್ಟಳು.

"ನನ್ನ ಕನ್ನಡಕ ಮನೆಯಲ್ಲಿ ಬಾಕಿ ಆಗಿದೆ ಮಗಾ. ಇದರಲ್ಲಿ ಎಂತ ಉಂಟು, ಓದಿ ಹೇಳು."

ಕಾವೇರಮ್ಮನಿಗೆ ಕನ್ನಡಕವೇ ಇರಲಿಲ್ಲ.

ಅನ್ನ ಬೇಯುವಷ್ಟು ಹೊತ್ತು ಅಕ್ಕಿ ಮೂಟೆಯ ಮೇಲೆ ಕುಳಿತು ಫಿದಾ ಓದಿದಳು, ಎಡವಿದಳು, ಮತ್ತೆ ಓದಿದಳು.

"ನೀರುನಾಯಿ ಮರಿಗೆ ಈಜು ಕಲಿಸ್ಬೇಕಾ? ಸುಳ್ಳು ಹೇಳ್ತೀಯಾ ಹೇಗೆ?"

"ಇಲ್ಲ ಅಕ್ಕ, ಹೀಗೇ ಉಂಟು! ಅದಕ್ಕೂ ನೀರು ಅಂದ್ರೆ ಹೆದರಿಕೆಯಂತೆ. ಅಮ್ಮ ಕುತ್ತಿಗೆ ಕಚ್ಚಿ ಎಳ್ಕೊಂಡು ಹೋಗ್ತದಂತೆ."

ಹದಿನೈದು ದಿನ ಹೀಗೆ ನಡೆಯಿತು. ಒಂದು ಶನಿವಾರ ಫಿದಾ ಪುಸ್ತಕವನ್ನು ಎದೆಗೊತ್ತಿಕೊಂಡು, "ಮನೆಗೆ ಕೊಂಡುಹೋಗ್ಲಾ?" ಎಂದಳು.

"ಕೊಂಡುಹೋಗು. ಸೋಮವಾರ ತಾ. ಯಾರು ಕೊಟ್ಟದ್ದು ಅಂತ ಮಾತ್ರ ಬಾಯಿ ಬಿಡ್ಬೇಡ, ಆಯ್ತಾ? ನನ್ನ ಅನ್ನಕ್ಕೆ ಕಲ್ಲು ಬೀಳ್ತದೆ."

ಸೋಮವಾರ ಫಿದಾ ಬರಲಿಲ್ಲ. ಬಂದವರು ಹೆಡ್ ಮಾಷ್ಟ್ರು. "ನಾಳೆ ಸಾಂಬಾರಿನಲ್ಲಿ ನಾಲ್ಕು ತರಕಾರಿ ಕಾಣಲಿ ಮಾರಾಯ್ತಿ. ಬೆಳ್ತಂಗಡಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರ್ತಾರೆ. ಕಪಾಟಿನ ಪುಸ್ತಕವನ್ನೂ ತಾಳೆ ನೋಡ್ತಾರಂತೆ."

ಪಾತ್ರೆ ತೊಳೆದವಳೇ ಕಾವೇರಮ್ಮ ಗುಡ್ಡದಾಚೆಗಿನ ಫಿದಾಳ ಮನೆಗೆ ನಡೆದಳು. ಹಿಂದೆ ಬೈಕಿನ ಸದ್ದಾದರೆ ಹೆಡ್ ಮಾಷ್ಟ್ರೇ ಎಂದು ಬೇಲಿಯ ಬದಿಗೆ ಸರಿದಳು.

ಜಗಲಿಯಲ್ಲಿ ಫಿದಾಳ ತಾಯಿ ಜುಲೈಕಾ ಬೀಡಿ ಕಟ್ಟುತ್ತಿದ್ದಳು. ಕಾವೇರಮ್ಮನನ್ನು ಕಂಡದ್ದೇ ದಡಬಡಿಸಿ ಎದ್ದಳು. ಮಡಿಲಲ್ಲಿದ್ದ ಎಲೆ, ಹೊಗೆಸೊಪ್ಪು ನೆಲಕ್ಕೆ ಚೆಲ್ಲಿತು.

"ಮಾಷ್ಟ್ರು ಕಳಿಸಿದ್ದಾ? ಪೊಲೀಸಿಗೆಲ್ಲ ಹೇಳುವುದು ಬೇಡ ಅಕ್ಕ. ನಾನೇ ಸರೀ ಬಾರಿಸಿದ್ದೇನೆ. ಇನ್ನು ಕದಿಯಲಿಕ್ಕಿಲ್ಲ."

"ಕದ್ದದ್ದಾ? ಎಂತದು ಕದ್ದದ್ದು?"

ಜುಲೈಕಾ ಅಕ್ಕಿ ಡಬ್ಬಿಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ಪುಸ್ತಕ ತಂದಳು. ಒಂದು ಹಾಳೆ ಅಡ್ಡಕ್ಕೆ ಹರಿದಿತ್ತು. ಮಗಳ ಕೈಯಿಂದ ಸೆಳೆಯುವಾಗ ಹರಿದದ್ದು. ಆ ಊರಿನಲ್ಲಿ ಶಾಲೆಯ ಕಥೆಪುಸ್ತಕ ಯಾರ ಮನೆಗೂ ಬಂದದ್ದೇ ಇಲ್ಲ. ಬಂದಿದೆಯೆಂದರೆ ಕದ್ದೇ ಬಂದಿರಬೇಕು. ತಾಯಿಗೆ ಬೇರೇನೂ ಹೊಳೆಯಲಿಲ್ಲ.

"ಯಾರು ಕೊಟ್ಟದ್ದು ಅಂತ ಎಷ್ಟು ಕೇಳಿದ್ರೂ ಹೇಳುವುದಿಲ್ಲ ಅಕ್ಕ. ಕಲ್ಲಿನ ಹಾಗೆ ಕೂತಿದ್ದಾಳೆ."

ಬಾಗಿಲ ಸಂದಿಯಿಂದ ಫಿದಾ ನೋಡುತ್ತಿದ್ದಳು. ತೋಳಿನ ಮೇಲೆ ಬಾಸುಂಡೆ. ದೊಡ್ಡವಳೊಬ್ಬಳ ಗುಟ್ಟು ಕಾಯಲು ಒಂಬತ್ತು ವರ್ಷದ ಮಗು ಕಳ್ಳಿಯಾಗಿ ಕುಳಿತಿತ್ತು. ತನ್ನ ಮೇಲೆ ಬಿದ್ದಿದ್ದ ಬೆತ್ತ ಈ ತೋಳಿಗೆ ದಾಟಿದೆ, ದಾಟಿಸಿದವಳು ತಾನೇ ಎಂದು ಕಾವೇರಮ್ಮನಿಗೆ ತಿಳಿಯಿತು.

"ಇವಳು ಕದ್ದದ್ದಲ್ಲ ಜುಲೈಕಾ. ಕೊಟ್ಟದ್ದು ನಾನು. ನಾಳೆ ಶಾಲೆಗೆ ಕಳಿಸು."

ಮರುದಿನ ಸಾಹೇಬರು, ಕಾವೇರಮ್ಮ ಮರಳಿ ತಂದು ಕಪಾಟಿನಲ್ಲಿಟ್ಟಿದ್ದ ಪುಸ್ತಕದ ಹರಿದ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಯಾರ ಕೆಲಸ?" ಎಂದರು. ತಿರುಮಲೇಶ್ವರರು ಹಣೆ ಒರೆಸಿಕೊಂಡರು. ಸಾಲಿನಲ್ಲಿ ಫಿದಾ ನೆಲ ನೋಡುತ್ತಿದ್ದಳು. ಕಾವೇರಮ್ಮ ಮುಂದೆ ಬಂದಳು.

"ಮಗುವಿಗೆ ಓದ್ಲಿಕ್ಕೆ ಕೊಟ್ಟದ್ದು ನಾನು ಸರ್."

"ಅಡುಗೆಯವರಿಗೆ ಪುಸ್ತಕದ ಉಸಾಬರಿ ಯಾಕಮ್ಮ?"

"ಹರಿದದ್ದು ನೋಡಿದಿರಿ. ಅವಳು ಓದುವುದನ್ನೂ ಒಮ್ಮೆ ಕೇಳಿ ಸರ್."

ಸಾಹೇಬರಿಗೆ ಇನ್ನೂ ಎರಡು ಶಾಲೆ ನೋಡುವುದಿತ್ತು. ಕೇಳಲಿಲ್ಲ.

ಕಪಾಟಿನ ಕೀಲಿ ಗೊಂಚಲಿನಿಂದ ಕಳಚಿ ಹೆಡ್ ಮಾಷ್ಟ್ರ ಮೇಜಿನೊಳಗೆ ಹೋಯಿತು. ಕಾವೇರಮ್ಮನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಶಾಲೆಯ ಸಮಿತಿ ಬರುವ ಗುರುವಾರ ಕೂರುತ್ತದೆ. ಅವಳು ಇನ್ನೂ ಅನ್ನ ಬೇಯಿಸುತ್ತಿದ್ದಾಳೆ. ಆಫೀಸಿನಿಂದ ಯಾರು ಕರೆದರೂ ಇದೇ ಕೊನೆಯ ದಿನವೋ ಎಂದುಕೊಳ್ಳುತ್ತಾಳೆ. ಫಿದಾ ಅಕ್ಕಿ ಕೋಣೆಯ ಮುಂದೆ ಹಾದುಹೋಗುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ, ಇನ್ನೇನನ್ನೂ ಮುಟ್ಟುವುದಿಲ್ಲ ಎಂಬ ಹಾಗೆ.

ಮೊಬೈಲಿಗೆ ಬೈದದ್ದು ಸಾಕು. ಈ ವಾರವೇ ನಿಮ್ಮೂರಿನ ಶಾಲೆಗೆ ಹೋಗಿ ಕಪಾಟಿನ ಕೀಲಿಕೈ ಕೇಳಿ. ಎಲ್ಲರ ಕಣ್ಣೆದುರು ಒಂದು ಪುಸ್ತಕ ತೆಗೆದು ಒಂದು ಮಗುವಿನ ಕೈಗೆ ಕೊಡಿ. "ಹರಿದರೆ ಹೊಣೆ ನನ್ನದು" ಎಂದು ರಿಜಿಸ್ಟರಿನಲ್ಲಿ ಬರೆದು ನಿಮ್ಮ ಸಹಿ ಹಾಕಿ.