ಅವ್ವ ತೊಳೆದುಕೊಟ್ಟ ಬಟ್ಟೆ

ವಿಜಯಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ನಾನು ಪೆರೊವ್‌ಸ್ಕೈಟ್ ಹರಳುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಹರಳಿನೊಳಗೆ ಪರಮಾಣುಗಳು ಸಾಲು ಹಿಡಿದು ಕೂತಿದ್ದರೂ ಸುಮ್ಮನೆ ಕೂರುವುದಿಲ್ಲ, ಎಲ್ಲವೂ ಕೂಡಿ ಅಲುಗುತ್ತಿರುತ್ತವೆ. ಲೇಸರ್ ಬೆಳಕು ಬಿಟ್ಟರೆ ಆ ಅಲುಗಾಟ ಕಂಪ್ಯೂಟರಿನ ಪರದೆಯ ಮೇಲಿನ ಗೆರೆಯಲ್ಲಿ ಶಿಖರಗಳಾಗಿ ಏಳುತ್ತದೆ. ನಮ್ಮೂರು ಹೊನವಾಡದ ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಅವ್ವ ಒಣದ್ರಾಕ್ಷಿ ಆರಿಸುತ್ತಾ ಹೂಂಗುಟ್ಟಿದ್ದಳು.

ಹರಳಿನ ಪುಡಿ ಸಾಣಿಸಲು ತೆಳು ಬಟ್ಟೆ ಬೇಕಿತ್ತು. ಅವಳ ಹಳೆಯ ಸೀರೆಯ ತುಂಡು ಕೇಳಿದೆ. ತೊಳೆದು ಕೊಡು, ಆದರೆ ಸಾಬೂನು ಮುಟ್ಟಿಸಬೇಡ ಎಂದು ನಾಲ್ಕು ಸಲ ತಾಕೀತು ಮಾಡಿದೆ. ತಾಕೀತು ಮಾಡುವುದು ನನ್ನ ಚಟ, ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಹೇಳುತ್ತಾರೆ.

ಆ ಬಟ್ಟೆಯಲ್ಲಿ ಸಾಣಿಸಿದ ಪುಡಿಗೆ ಲೇಸರ್ ಬಿಟ್ಟಾಗ ಎಂದೂ ಕಾಣದ ಶಿಖರವೊಂದು ಎದ್ದಿತು. ಉಳಿದವುಗಳಿಂದ ದೂರ, ಒಂಟಿಯಾಗಿ. ಯಾರೂ ಕಾಣದ ಹೊಸ ಕಂಪನ ನನಗೆ ಸಿಕ್ಕಿತೆಂದು ಹಿಗ್ಗಿಹೋದೆ. ಇನ್ನು ಥೀಸಿಸ್ ದಡ ಸೇರಿತು ಎಂದುಕೊಂಡು ಒಂದು ವಿಚಾರ ಸಂಕಿರಣಕ್ಕೆ ಸಾರಾಂಶವನ್ನೂ ಕಳಿಸಿಬಿಟ್ಟೆ.

ನನ್ನ ಮಾರ್ಗದರ್ಶಕರು ಮಾತ್ರ ಮೊದಲು ಕಾಯಿಸಿ ನೋಡಲು ಹೇಳಿದರು. ಬಿಸಿಯೇರಿದಾಗ ಈ ಹರಳಿನ ಓರೆಕೋರೆ ನೇರವಾಗುತ್ತದೆ, ಅದರ ಸ್ವಂತ ಶಿಖರಗಳು ಮಂಕಾಗುತ್ತವೆ. ಕಾಯಿಸಿದೆ. ಉಳಿದವೆಲ್ಲ ಮಂಕಾದವು, ನನ್ನ ಶಿಖರ ಜಪ್ಪಯ್ಯ ಅನ್ನಲಿಲ್ಲ. ಅಂದರೆ ಅದು ಹರಳಿನದ್ದಲ್ಲ, ಹೊರಗಿನಿಂದ ಸೇರಿಕೊಂಡದ್ದು. ಹೊಸದಾಗಿ ಬಳಸಿದ್ದು ಅವ್ವನ ಬಟ್ಟೆಯೊಂದೇ. ನನಗೆ ಅಳು ಬಂತು.

ಊರಿಗೆ ಹೊರಟ ಬಸ್ಸು ತಿಕೋಟಾ ದಾಟುವಷ್ಟರಲ್ಲಿ ಅಳು ಹೋಗಿ ಸಿಟ್ಟು ನೆತ್ತಿಗೇರಿತ್ತು. ಮನೆಗೆ ಹೋದವಳೇ, ಬಟ್ಟೆ ಹೇಗೆ ತೊಳೆದೆ ಎಂದು ಅವ್ವನನ್ನು ಕೇಳಿದೆ.

“ಸಾಬಾಣ ಬ್ಯಾಡ ಅಂದಿದ್ದೆಲ್ಲ, ಅದಕ್ಕ ದ್ರಾಕ್ಷಿ ಅದ್ದೋ ಪುಡಿ ಹಾಕಿ ತೊಳದೆ. ಜಿಡ್ಡು ಒಂದೀಟೂ ಉಳಿಯೂದಿಲ್ಲ ನೋಡು,” ಅಂದಳು ಹೆಮ್ಮೆಯಿಂದ.

ದ್ರಾಕ್ಷಿ ಬೇಗ ಒಣಗಲೆಂದು ಅದ್ದುವ ನೀರಿಗೆ ಬೆರೆಸುವ ಕಾರ್ಬೋನೇಟ್ ಪುಡಿ ಅದು. ಅವಳ ಬೆರಳ ಸಂದಿಗಳು ವರ್ಷವರ್ಷವೂ ಅದರಿಂದಲೇ ಬಿರಿಯುತ್ತಿದ್ದವು. ಆ ಕೈ ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಏನೂ ಆಗಿಲ್ಲ ಬಿಡು ಎಂದು ಸುಳ್ಳು ಹೇಳಿ, ಒಂದು ಚಿಟಿಕೆ ಪುಡಿ ಕಟ್ಟಿಸಿಕೊಂಡು ಬಂದೆ. ಅದಕ್ಕೆ ಲೇಸರ್ ಬಿಟ್ಟಾಗ ಅದೇ ಜಾಗದಲ್ಲಿ ಅದೇ ಶಿಖರ ಎದ್ದಿತು. ಸಾರಾಂಶ ಹಿಂದಕ್ಕೆ ಪಡೆದೆ.

ಮತ್ತೆ ಊರಿಗೆ ಹೋದಾಗಲೂ ನಾನು ಬಾಯಿ ಬಿಡಲಿಲ್ಲ. ಹೊರಡುವಾಗ ಅವ್ವ ನನ್ನ ಚೀಲದಲ್ಲಿ ಇನ್ನೊಂದು ತುಂಡು ಮಡಚಿ ಇಟ್ಟಳು.

“ಬರೇ ನೀರಾಗ ಏಳು ಸಲ ಜಾಲಿಸೇನಿ. ಇನ್ನ ನನ್ನಿಂದ ನಿನ್ನ ಕೆಲಸ ಕೆಡೂದಿಲ್ಲ ನೋಡವ್ವಾ.”

ಅಷ್ಟರಲ್ಲಿ ನಾನು ಲ್ಯಾಬಿಗೆ ಹೊಸ ಜರಡಿ ತರಿಸಿ ಎಲ್ಲ ಪುಡಿಯನ್ನೂ ಸಾಣಿಸಿ ಮುಗಿಸಿದ್ದೆ. ಆದರೂ ಇನ್ನೊಮ್ಮೆ ಪುಡಿ ತಯಾರಿಸಿ ಅವಳ ಬಟ್ಟೆಯಲ್ಲೇ ಸಾಣಿಸಿದೆ. ಹೊಸದೇನೂ ಏಳಲಿಲ್ಲ. ನನ್ನ ಥೀಸಿಸ್ಸಿನಲ್ಲಿ ಇರುವುದು ಆ ಪುಡಿಯ ಶಿಖರಗಳ ಚಿತ್ರವೇ.