ಡಚ್ ಪಾಠಕ್ಕೆ ನಿಂತ ಅವ್ವನ ಅಂಗಿ

ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, ನೆದರ್ಲೆಂಡ್ಸಿನಲ್ಲಿ ಕೆಲಸ ಸಿಗುತ್ತದಂತೆ ಎಂಬ ಮಾತು ಕೇಳಿ ಫೋನಿನಲ್ಲೇ ಡಚ್ ಕಲಿಯಲು ಸೇರಿದೆ. ಭಾನುವಾರದ ಪಾಠಕ್ಕೆ ಕೌದಳ್ಳಿಯ ನಮ್ಮ ಮನೆಯ ಜಗಲಿಯೇ ಶಾಲೆ. ಸಿಗ್ನಲ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ.

ಬಟ್ಟೆಯ ಪಾಠ ಬಂತು. ಅಂಗಿ ಕೆಂಪಾದರೆ ‘ರೋಟ್’, ಲಂಗ ಕೆಂಪಾದರೆ ‘ರೋಡೆ’. ನಮ್ಮ ಕೆಂಪಿಗೆ ಇಂಥ ಮರ್ಜಿಯಿಲ್ಲ, ಏನು ಉಟ್ಟರೂ ಕೆಂಪು ಕೆಂಪೇ. ಗಿಳಿಪಾಠ ಒಪ್ಪಿಸುತ್ತಾ ಹೋದೆ. ಒಂದು ದಿನ ಮೇಡಂ, ಅವರು ಆ ದೇಶದವರೇ, ಮನೆಯವರೊಬ್ಬರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಅವರ ಉಡುಪನ್ನು ವರ್ಣಿಸಿ ಎಂದರು.

ಅವ್ವ ಆಗಷ್ಟೇ ಅರಿಶಿನ ಕಿತ್ತು ಬಂದಿದ್ದಳು. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಡುತ್ತಾರೆ. ಸೆರಗು ಜಾರುವುದಿಲ್ಲ, ಒಣಗಿದ ಎಲೆ ಕೈ ಗೀರುವುದಿಲ್ಲ. ಅವ್ವನದು ಅಪ್ಪನ ತುಂಬುತೋಳಿನ ನೀಲಿ ಅಂಗಿ, ಮೊಣಕೈಯಲ್ಲಿ ತೂತು. ಪರದೆಯ ತುಂಬ ನನ್ನ ಜೊತೆ ಕಲಿಯುವ ಇಸ್ತ್ರಿ ಬಟ್ಟೆಯ ಹುಡುಗಿಯರು. ಗಂಡಸರ ಅಂಗಿ ತೊಟ್ಟ ಇವಳು ನನ್ನ ತಾಯಿ ಎನ್ನಲು ನಾಲಗೆ ಏಳಲಿಲ್ಲ.

“ಇವರು ನಮ್ಮ ಮನೆ ಕೆಲಸದವರು. ನೀಲಿ ಅಂಗಿ ತೊಟ್ಟಿದ್ದಾರೆ,” ಎಂದು ಡಚ್ಚಿನಲ್ಲಿ ಹೇಳಿದೆ. ಒಂದೂ ತಪ್ಪಿಲ್ಲ ಎಂದು ಮೇಡಂ ಹೊಗಳಿದರು.

“ಏನಂದವ್ವಾ ನನ್ ಬಗ್ಗೆ?” ಅವ್ವ ಕೇಳಿದಳು.

“ನಮ್ಮವ್ವ ಚೆಂದಾಗವ್ಳೆ ಅಂದೆ.”

ನಂಬಿಬಿಟ್ಟಳು. ಸಂಜೆ ನಲ್ಲಿಯ ಹತ್ತಿರ ಪಕ್ಕದ ಮನೆಯವಳಿಗೆ, “ಆ ದೇಸ್ದವ್ರ್ಗೆ ನಮ್ ಉಡ್ಗಿ ಇದೇ ಅಂಗೀಲೇ ನನ್ನ ತೋರ್ಸುದ್ಲು ಕಣಕ್ಕಾ. ಒಸಿನೂ ನಾಚ್ಕೋನಿಲ್ಲ,” ಎಂದು ಹಿಗ್ಗಿನಿಂದ ಹೇಳುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಹೆಗ್ಗಣ ಒಳಗೆ ತಲೆಗೂದಲು ಬಾಚುವ ನೆಪದಲ್ಲಿ ಕೂತು ನಾಚಿಕೆಯಿಂದ ಬೇಯುತ್ತಿತ್ತು.

ಮುಂದಿನ ಭಾನುವಾರ ಅವ್ವ ಹೊಲಕ್ಕೆ ಹೋಗಲಿಲ್ಲ. ಅಂಗಿ ಒಗೆದು, ತೂತಿಗೆ ತೇಪೆ ಹಾಕಿ, ತೊಟ್ಟುಕೊಂಡು, ಕರೆಯದೆಯೇ ನನ್ನ ಹಿಂದೆ ಬಂದು ನಿಂತಳು.

“ನಿಮ್ಮ ಕೆಲಸದವರು! ಪಾಪ, ಭಾನುವಾರವಾದರೂ ರಜೆ ಕೊಡಬಾರದೇ?” ಎಂದು ಮೇಡಂ ಡಚ್ಚಿನಲ್ಲಿ ಹೇಳಿ ನಕ್ಕರು. ಹುಡುಗಿಯರೂ ನಕ್ಕರು.

“ಏನಂತವ್ರೆ?” ಅವ್ವ ಪಿಸುಗುಟ್ಟಿದಳು.

“ನಿಂಗೆ ನಮಸ್ಕಾರ ಅಂತವ್ರೆ.”

ಅವ್ವ ಸೆರಗು ಸರಿಮಾಡಿಕೊಂಡು, ಫೋನಿಗೆ ಬಾಗಿ ಕೈಮುಗಿದಳು. “ನಮ್ ಮಗೀಗೆ ಚೆಂದಾಗಿ ಕಲ್ಸಿ ತಾಯಿ,” ಎಂದಳು.

ಇವಳು ನನ್ನ ತಾಯಿ ಎಂಬ ವಾಕ್ಯವನ್ನು ಡಚ್ಚಿನಲ್ಲಿ ನಾನು ಮೊದಲ ವಾರವೇ ಕಲಿತಿದ್ದೆ. ಆ ದಿನವೂ ಹೇಳಲಿಲ್ಲ.