ಪೇಪರಿನ ಹಿಂದಿನ ತೊಲಿ

ನಾನು ಅಜ್ಜನಾದ ದಿನ ನನ್ನ ಬಾಯಿತುಂಬ ಮಣ್ಣಿತ್ತು. ಅದೇ ಬಾಯಲ್ಲಿ ನಗುತ್ತ ಊರಿಗೆಲ್ಲ ಸಕ್ಕರಿ ಹಂಚಿದೆ. ನೆನೆಸಿದರೆ ಈಗಲೂ ಎದಿ ತುಂಬಿ ಬರತೈತಿ. ಬರೆಯುತ್ತಿರುವುದು ಮೂರನೇ ಇಯತ್ತೆ ಕಲಿತ ಕೈ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಆದರೆ ಆ ಸಂತೋಷಕ್ಕೆ ಮುಂಚಿನ ಹದಿನೈದು ದಿನದ ಕಳವಳವನ್ನು ಮೊದಲು ಹೇಳಬೇಕು.

ನಮ್ಮದು ಇಂಡಿ ಕಡೆಯ ಹಳ್ಳಿ. ಎಪ್ಪತ್ತನೇ ಇಸವಿಯ ಮೇಲೆ ನಾಲ್ಕೈದು ವರ್ಷ ಸರಿದಿದ್ದವು. ಊರೆಲ್ಲ ಮಣ್ಣಿನ ಮಾಳಗಿ ಮನಿ. ಗ್ವಾಡಿಯಿಂದ ಗ್ವಾಡಿಗೆ ತೊಲಿ, ಅದರ ಮೇಲೆ ಜಂತಿ, ಅದರ ಮೇಲೆ ಮೊಳದಪ್ಪ ಮಣ್ಣು. ಉಣ್ಣುವ ಗಂಗಾಳಕ್ಕೂ ಮಲಗುವ ಹಾಸಿಗೆಗೂ ಮೇಲಿಂದ ಮಣ್ಣು ಉದುರುತ್ತಲೇ ಇರುತ್ತಿತ್ತು. ಉಳ್ಳವರು ಕೆಳಗೆ ಬಟ್ಟೆ ಕಟ್ಟಿಸುತ್ತಿದ್ದರು. ನಮ್ಮಂಥವರು ಮೈದಾ ಗಂಜಿ ಕಾಸಿ ಹಳೇ ಪೇಪರು ಅಂಟಿಸುತ್ತಿದ್ದೆವು.

ನಾನು ಅಂಟಿಸಿದ್ದು ಮಣ್ಣು ತಡೆಯಲಿಕ್ಕಲ್ಲ. ಮಗಳನ್ನು ನೋಡಲು ಸಿಂದಗಿ ಕಡೆಯವರು ಬರುವವರಿದ್ದರು. ಎರಡು ದಿನ ಮೊದಲು ನಡುಮನಿಯ ತೊಲಿ ಬಿರಿದದ್ದು ಕಂಡೆ, ಬೆರಳು ತೂರುವಷ್ಟು. ತೊಲಿ ಬಿರಿದ ಮನಿಗೆ ಯಾರು ಸಂಬಂಧ ಬೆಳೆಸಿಯಾರು? ಸಂತೆಯಿಂದ ರದ್ದಿ ಪೇಪರು ತಂದೆ. ಮನಿಯಾಕಿ ಗಂಜಿ ಕಾಸಿಕೊಡುತ್ತ, "ಬೀಗರು ಬರ್ತಾರಂತ ಮನೀಗೂ ಹೊಸ ಸೀರಿ ಉಡಸಾಕತ್ತೀರಿ" ಅಂತ ನಕ್ಕಳು. ಅವಳು ಒಲಿಯ ಮುಂದಿದ್ದಾಗ ಬಿರುಕಿನ ಮೇಲೆ ನಾಲ್ಕು ಪದರ ಹಚ್ಚಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಸಂಬಂಧ ಕೂಡಿತು. ಮದುವಿ ಮುಗಿದ ಮೇಲೆ ತೊಲಿ ಬದಲಿಸಿದರಾಯಿತು ಅಂದುಕೊಂಡೆ. ಮದುವಿ ಮುಗಿಯಿತು, ಸುಗ್ಗಿ ಬಂತು, ಕಣ್ಣಿಗೆ ಕಾಣದ್ದು ಮನಸ್ಸಿನಿಂದಲೂ ಹೋಯಿತು.

ಮಗಳು ಚೊಚ್ಚಲ ಬಾಣಂತನಕ್ಕೆ ಬಂದಳು. ಅವಳ ಹಾಸಿಗೆ ಹಾಕಿದ್ದು ಅದೇ ನಡುಮನಿಯಲ್ಲಿ, ಅದೇ ತೊಲಿಯ ಕೆಳಗೆ. ಆವತ್ತು ಮೇಲೆ ನೋಡಿದರೆ ಪೇಪರು ಎಮ್ಮಿಯ ಕೆಚ್ಚಲಿನ ಹಾಗೆ ಜೋತುಬಿದ್ದಿತ್ತು. ಮಾಳಗಿಯ ಮೇಲೆ ಆಡು ಓಡಿದರೆ ಒಳಗೆ ಸುರ್ರಂತ ಮಣ್ಣು ಜಾರುವ ಸಪ್ಪಳ.

"ಹಾಸಿಗಿ ಬಾಗಲ ಕಡೆ ಹಾಕೂಣು, ಗಾಳಿ ಬರತೈತಿ" ಅಂದೆ.

"ಬಾಣಂತಿ ಖೋಲ್ಯಾಗ ಗಾಳಿ ಯಾಕ ಬೇಕೋ ಮೂಳಾ?" ಅಂದಳು ನಮ್ಮವ್ವ.

"ಹಂಗಾರ ಪೇಪರರ ಹರದು ತಗೀತೇನಿ, ಹಳೇದಾಗೇತಿ."

"ಬಸುರಿ ಮನ್ಯಾಗಿದ್ದಾಗ ಮಾಳಗಿಗೆ ಕೈ ಹಚ್ಚಬಾರದು. ಹಡದ ಮ್ಯಾಲ ಮಾಡಕೋ."

ತೊಲಿ ಬಿರದೈತಿ ಅಂತ ಎರಡು ಮಾತು ಹೇಳಿದ್ದರೆ ಅವ್ವ ಸುಮ್ಮನಾಗುತ್ತಿದ್ದಳು. ಆದರೆ ಆ ಮಾತು ಮಗಳ ಕಿವಿಗೆ, ಅಲ್ಲಿಂದ ಬೀಗರ ಕಿವಿಗೆ ಹೋದರೆ? ಹದಿನೈದು ದಿನ ಆಡು ಓಡಿಸುವ ನೆಪದಲ್ಲಿ ಹೊಲ ಬಿಟ್ಟು ಮನಿ ಕಾಯ್ದೆ. ಉಣ್ಣುವಾಗಲೂ ಕಣ್ಣು ಮೇಲೆಯೇ.

ಒಂದು ಮುಂಜಾನೆ ಮಗಳ ತಲಿಯ ಮೇಲೆ ಹಿಡಿ ಮಣ್ಣು ಬಿತ್ತು. "ಯಪ್ಪಾ, ಗುಬ್ಬಿ ಭಾಳ ಕೆದರಾಕತ್ತಾವ" ಅಂತ ಅವಳು ಕೂದಲು ಝಾಡಿಸಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಕೈ ಹಿಡಿದು ಎಬ್ಬಿಸಿ ಬಾಜೂಮನಿಗೆ ಕರೆದೊಯ್ದೆ. "ತಂಗೀ, ಸಂಜೀತನ ಇಕೀನ ಇಲ್ಲೇ ಕುಂಡ್ರಿಸಿಕೊಳ್ಳವಾ" ಅಂತ ಬಾಜೂಮನಿಯಾಕೆಗೆ ಹೇಳಿ ಬಂದೆ. ಅವ್ವ ಅಂಗಳದಲ್ಲಿ ಬೈಯುತ್ತಿದ್ದಂತೆ ಬಾಗಿಲು ಮುಚ್ಚಿಕೊಂಡು ನಿಚ್ಚಣಿಕಿ ಹತ್ತಿದೆ.

ಬಿಸಿನೀರಿನ ಅರಿವಿಯಿಂದ ಪೇಪರು ತೋಯಿಸಿದೆ. ಗಂಜಿಯ ಹುಳಿ ವಾಸನಿ ಎದ್ದಿತು. ಒಂದು ಪದರ ಇದ್ದಲ್ಲಿ ಸರಾಗ ಸುಲಿದು ಬಂತು. ನಾಲ್ಕು ಪದರ ಹಚ್ಚಿದಲ್ಲಿ ಹಲಗಿಯ ಹಾಗೆ ಬಿಗಿದಿತ್ತು. ಕಳೆ ತೆಗೆಯುವ ಕುರ್ಪಿ ತೂರಿಸಿ ಎತ್ತಿದ್ದೇ ತಡ, ಬುಟ್ಟಿಗಟ್ಟಲೆ ಮಣ್ಣು ಮಾರಿಯ ಮೇಲೆ, ಬಾಯಿತುಂಬ ಸುರಿಯಿತು. ಕಣ್ಣು ಒರೆಸಿಕೊಂಡು ನೋಡಿದರೆ ಬಿರುಕಿನಲ್ಲಿ ಮುಷ್ಟಿ ಹಿಡಿಯುತ್ತಿತ್ತು. ಅದರ ಉದ್ದಕ್ಕೂ ಗೆದ್ದಲು. ಬೇರೆ ತೊಲಿಗಳಿಗೆ ಹತ್ತಿರಲಿಲ್ಲ. ನಾಲ್ಕು ಪದರ ಗಂಜಿ ಇದ್ದಲ್ಲಿಗೇ ಬಂದಿತ್ತು. ಬಿರುಕು ಕಟ್ಟಿಗೆಯದು, ಗೆದ್ದಲನ್ನು ಕರೆತಂದವನು ನಾನು.

ಅಷ್ಟರಲ್ಲಿ ಬಾಜೂಮನಿಯಾಕೆ ಬಾಗಿಲು ಬಡಿದಳು. "ಅಣ್ಣಾರ, ಮಗಳಿಗೆ ಬ್ಯಾನಿ ಹತ್ತೇತ್ರಿ!"

"ಕರಕೊಂಡ ಬರ್ರಿ ಒಳಗ!" ಅಂತ ಅವ್ವ ಕೂಗಿದಳು. "ಚೊಚ್ಚಲ ಹಡಿಯೂದು ಮಂದಿ ಮನ್ಯಾಗೇನು?"

ನಾನು ಬಾಗಿಲಿಗೆ ಅಡ್ಡ ನಿಂತೆ. "ಒಳಗ ಬ್ಯಾಡ ಯವ್ವಾ. ತೊಲಿ ಬಿರದೈತಿ. ಮದವಿಗಿಂತ ಮದಲಽ ಬಿರದಿತ್ತು. ನಾನಽ ಮುಚ್ಚೇನಿ."

ಅವ್ವ ಒಳಗೆ ಹಣಿಕಿ ಹಾಕಿದಳು. ಮೇಲೆ ನೋಡಿದಳು, ನನ್ನ ನೋಡಿದಳು. ಮನಿಯಾಕಿಯನ್ನು ಕೂಗಿಕೊಂಡು ಬಾಜೂಮನಿಯ ಕಡೆ ಓಡಿದಳು. ಆ ನೋಟಕ್ಕಿಂತ ಬೈಗುಳವೇ ಎಷ್ಟೋ ಹಗುರಿತ್ತು.

ಮಧ್ಯಾಹ್ನಕ್ಕೆ ಕೂಸು ಅತ್ತ ಸಪ್ಪಳ ಕೇಳಿಸಿತು. ಹೆಣ್ಣು! ತಾಯಿ ಕೂಸು ಇಬ್ಬರೂ ಆರಾಮ! ನಾನು ಮಾರಿ ಸಹ ತೊಳೆಯದೆ ಸಕ್ಕರಿ ತರಲು ಓಡಿದೆ. ತಲಿಯಿಂದ ಕಾಲತನಕ ಮಣ್ಣು ಮೆತ್ತಿದವನು ಓಣಿಯಲ್ಲಿ ಓಡುವುದು ನೋಡಿ, ಮಾಳಗಿ ಕುಸಿಯಿತು ಅಂತ ಮಂದಿ, ನಾನು ಸಕ್ಕರಿ ತರುವಷ್ಟರಲ್ಲಿ, ಸಲಿಕಿ ಬುಟ್ಟಿ ಹಿಡಿದು ಬಂದರು.

"ಒಳಗ ಯಾರ್ ಸಿಕ್ಕಾರೋ?"

"ಯಾರಿಲ್ಲ, ಸಕ್ಕರಿ ತಗೋರಿ! ಮಗಳು ಹಡದಾಳ!"

"ಮತ್ತ ಮಾಳಗಿ?"

"ಅದು ಇವತ್ತಿಲ್ಲ ನಾಳಿ ಬೀಳತೈತಿ, ಮದಲ ಬಾಯಿ ಸೀ ಮಾಡಕೋರಿ!"

"ಇವನ ತಲಿ ಕೆಟ್ಟೈತಿ" ಅಂದರು. ಆದರೂ ಬಂದ ಮಂದಿ ಆವತ್ತೇ ಎರಡು ಕಂಬ ತಂದು ತೊಲಿಗೆ ಆಸರ ಕೊಟ್ಟರು. ಬಿರುಕು ಊರೆಲ್ಲ ನೋಡಿತು.

ಬೀಗರಿಗೆ ನಾನೇ ಕಾರ್ಡು ಬರೆದೆ: ಹೆಣ್ಣು ಕೂಸು ಹುಟ್ಟೇತಿ, ಬಾಜೂಮನ್ಯಾಗ ಹುಟ್ಟೇತಿ, ಯಾಕಂತ ಬಂದ ಮ್ಯಾಲ ಹೇಳ್ತೇನಿ. ಅವರು ಓಣಿಯಲ್ಲೇ ಸುದ್ದಿ ಕೇಳಿದ್ದರು, ಬಂದವರೇ ನೆಟ್ಟಗೆ ನಮ್ಮ ನಡುಮನಿಗೆ ನಡೆದರು. ಕಂಬಗಳ ನಡುವೆ ನಿಂತು ಮೇಲೆ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಕೊಟ್ಟ ಚಾ ಅವರ ಕೈಯಲ್ಲೇ ಆರಿತು.

"ಇನ್ನ ಏನರ ಮುಚ್ಚಿಟ್ಟೀರೇನ್ರಿ ಬೀಗರ?"

"ಇಲ್ಲರಿ."

"ಖರೇನ?"

"ಕೂಸಿನ ಆಣಿರಿ."

"ಕೂಸಿನ ಮ್ಯಾಲ ಆಣಿ ಹಾಕಬ್ಯಾಡ್ರಿ" ಅಂತ ಗದರಿಸಿದರು. ಆಮೇಲೆ ಚಾ ಒಂದೇ ಗುಟುಕಿಗೆ ಕುಡಿದು, "ನಡ್ರಿ, ಮೊಮ್ಮಗಳನ್ನ ತೋರಸ್ರಿ" ಅಂದರು.

ಅವರು ಮುಂದೆ, ನಾನು ಹಿಂದೆ. ಬಾಜೂಮನಿಗೆ ಹತ್ತೇ ಹೆಜ್ಜಿ. ನನಗೆ ತಡೆಯಲಾಗಲಿಲ್ಲ, ಬೀಗರನ್ನು ದಾಟಿಕೊಂಡು ಓಡಿ, ಕೂಸನ್ನು ನಾನೇ ಮೊದಲು ಎತ್ತಿಕೊಂಡೆ.